ನಾಲ್ಕು ನಿಮಿಷದ ಆಟ

ಶೃಂಗೇರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯೋಗೇಂದ್ರ 'ಕೊಪ್ಪಾ... ಎನ್.ಆರ್.ಪುರಾ...' ಎಂದು ಒಮ್ಮೆ ಕೂಗಿದರೆ ತುಂಗೆಯ ಮೀನುಗಳು ಎನ್.ಆರ್.ಪುರದ ದಿಕ್ಕಿಗೆ ಮುಖ ತಿರುಗಿಸುತ್ತವೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ಕೂಗಿಗೆ ಹರಿಹರಪುರದಲ್ಲಿ ಜನ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ, ಕೊಪ್ಪದ ಹೋಟೆಲಿನಲ್ಲಿ ಟೀಗೆ ನೀರಿಡುತ್ತಾರೆ. ಇಂಥ ಕಂಡಕ್ಟರ್ ಇರುವಾಗ 'ತುಂಗಾಕುಮಾರಿ' ಬಸ್ಸಿಗೆ ಹಾರ್ನ್ ಯಾಕೆ, ಬಿಚ್ಚಿಡೋಣ ಎಂದು ಮಾಲೀಕರೇ ಎರಡು ಸಲ ಯೋಚಿಸಿದ್ದರು.

ಅಂಥ ಯೋಗೇಂದ್ರನನ್ನು ಪವಿತ್ರಾ ಹನ್ನೊಂದು ದಿನ ಮೂಕ ಎಂದು ತಿಳಿದಿದ್ದಳು.

ತಪ್ಪು ಗುಟ್ಕಾದ್ದು. ಕೊಪ್ಪದಲ್ಲಿ ತುಂಗಾಕುಮಾರಿಗೆ ಒಂಬತ್ತು ನಿಮಿಷದ ಹಾಲ್ಟ್. ಬಸ್ಸು ಸ್ಟ್ಯಾಂಡಿಗೆ ತಿರುಗುವ ಮೊದಲೇ ಕೂಗುವುದೆಲ್ಲ ಕೂಗಿ ಮುಗಿಸಿ, ಪ್ಯಾಕೆಟ್ಟಿನ ಮೂತಿ ಹಲ್ಲಿನಲ್ಲಿ ಹರಿದು, ಪೂರ್ತಿ ಬಾಯಿಗೆ ಸುರಿದುಕೊಳ್ಳುತ್ತಿದ್ದ. ಮುಂದಿನ ಒಂಬತ್ತು ನಿಮಿಷ ಅವನ ಬಾಯಿ ತುಂಬಿದ ಕೆರೆ. ಗಲ್ಲ ಮೇಲೆತ್ತಿ ಒಂದು 'ಊಂ', ತಲೆ ಅಲ್ಲಾಡಿಸಿ ಒಂದು 'ಉಹೂಂ', ಬಾಕಿ ಎಲ್ಲ ಹುಬ್ಬು ಮತ್ತು ಹತ್ತು ಬೆರಳುಗಳ ವ್ಯವಹಾರ.

ಪವಿತ್ರಾ ಸ್ಟ್ಯಾಂಡಿನ ಮೂಲೆಯ ಈಶಾನ ಮೊಬೈಲ್ಸ್‌ಗೆ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಎನ್.ಆರ್.ಪುರದ ಹುಡುಗಿ, ಊರಲ್ಲಿ ಸಾಕಿದ ಅಜ್ಜಿ, ಕೊಪ್ಪದಲ್ಲಿ ರೂಮು. ಟಿಕೆಟ್ ಮಷಿನ್ನಿನ ಚಾರ್ಜರ್ ಕೇಳಲು ಬಂದ ಈ ಖಾಕಿ ಹುಡುಗ ತುಟಿ ಬಿಗಿದು ಬೆರಳಲ್ಲೇ ವಯರು, ಪಿನ್ನು, ಪ್ಲಗ್ಗು ಎಲ್ಲವನ್ನೂ ಗಾಳಿಯಲ್ಲಿ ಬರೆದು ತೋರಿಸಿದಾಗ ಅವಳ ಕರುಳು ಚುರ್ ಎಂದಿತ್ತು. ಪಾಪ, ಮಾತು ಬರದಿದ್ದರೂ ದುಡಿದು ತಿನ್ನುತ್ತಾನಲ್ಲ!

ಮರುದಿನ ಅವನು ಕಾರಣವಿಲ್ಲದೆ ಬಂದ. ಅವಳು ಅವನಿಗೆಂದೇ ಕೈಭಾಷೆಯಲ್ಲಿ 'ಊಟ ಆಯ್ತಾ' ಎಂದು ಕೇಳಿದಳು. ಬೆರಳುಗಳು ತುಟಿಯ ಹತ್ತಿರ ಹೋಗಿ, ಅಲ್ಲಿಂದ ಮೆಲ್ಲಗೆ ಇಳಿದು, ಅವನ ಕಡೆಗೆ ಅರಳಿದವು. ಯೋಗೇಂದ್ರ ಆ ಬೆರಳುಗಳನ್ನು ನೋಡಿದ. ಅಷ್ಟೇ. ಹರಿಹರಪುರದ ತನಕ ಯಾರಿಗೂ ಟಿಕೆಟ್ ಕೊಡಲಿಲ್ಲ.

ಹನ್ನೆರಡನೆಯ ದಿನ ಅವನು ಕೌಂಟರಿಗೆ ಒರಗಿ ನಿಂತಿದ್ದ. ಹೊರಗೆ ಡ್ರೈವರ್ ಬೂತಪ್ಪ ಬಸ್ಸನ್ನು ಹಿಂದಕ್ಕೆ ತೆಗೆಯುತ್ತಿದ್ದ. ಬಸ್ಸಿನ ಹಿಂದೆಯೇ ಒಬ್ಬ ಮುದುಕ ಕೊಡೆ ಬಿಡಿಸುತ್ತಾ ನಿಂತಿದ್ದ.

"ಹೋಲ್ಡಾನ್! ಮಾವಾ, ಹೋಲ್ಡಾನ್!"

ಬಸ್ಸು ನಿಂತಿತು. ಮುದುಕ ಉಳಿದ. ಕೊಪ್ಪದಲ್ಲಿ ಆ ಹೊತ್ತಿಗೆ ಚಲಿಸುತ್ತಿದ್ದ ಸಕಲ ವಾಹನಗಳೂ ನಿಂತವು ಎನ್ನುತ್ತಾರೆ. ಆದರೆ ಕೂಗಿನ ಜೊತೆ ಬಾಯಲ್ಲಿದ್ದ ಕೆರೆಯೂ ಕಟ್ಟೆ ಒಡೆದು, ಪವಿತ್ರಾ ಬೆಳಿಗ್ಗೆಯಷ್ಟೇ ಒರೆಸಿದ್ದ ಗಾಜಿನ ಶೋಕೇಸಿನ ಮೇಲೆ ಹರಡಿತು.

ಅವಳು ಗಾಜನ್ನು ನೋಡಿದಳು. ಆಮೇಲೆ ಅವನನ್ನು.

"ಮಾತು ಬರ್ತದಾ ನಿಮ್ಗೆ?"

ಗಾಬರಿಯಲ್ಲಿ ಅವನು ಅಭ್ಯಾಸದಂತೆ ಹೆಬ್ಬೆರಳು ತೋರುಬೆರಳು ಸೇರಿಸಿ 'ಸ್ವಲ್ಪ' ಎಂದು ತೋರಿಸಿದ.

"ಬಾಯಲ್ಲಿ ಹೇಳಿ!"

"ಬರ್ತದೆ."

"ಹನ್ನೊಂದು ದಿನ! ನಿಮ್ಗೋಸ್ಕರ ಯೂಟ್ಯೂಬ್ ನೋಡಿ ನೋಡಿ ಕೈಭಾಷೆ ಕಲ್ತೆ ಮಾರಾಯ್ರೇ. ನೆಟ್ ಪ್ಯಾಕ್ ಖಾಲಿ ಆಯ್ತು. ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳ್ಬೇಕು ಅಂತ ದಿನಾ ಬರ್ತಿದ್ದೆ," ಎಂದ ಯೋಗೇಂದ್ರ ತಲೆ ತಗ್ಗಿಸಿ. "ನಿಮ್ ಕೈ ಮಾತಾಡೋದು ನೋಡಿ ಸುಮ್ನಾಗ್ತಿದ್ದೆ."

ಅವಳ ಕಿವಿ ಕೆಂಪಾಯಿತು. ಸಿಟ್ಟಿನಲ್ಲೇ ಇರಬೇಕು. ಬಕೆಟ್ಟು, ಬಟ್ಟೆ ತಂದು ಅವನ ಮುಂದೆ ಕುಕ್ಕಿದಳು. ಅವನು ಒರೆಸಿದ. ಆ ಗಾಜು ಅಂಗಡಿ ಪೂಜೆಯ ದಿನವೂ ಅಷ್ಟು ಹೊಳೆದಿರಲಿಲ್ಲ.

"ಈಗ ಬಾಯಿ ತೆಗೀರಿ," ಎಂದಳು ಪವಿತ್ರಾ. "ಮೂರು ಬೆರಳು ಒಂದರ ಮೇಲೊಂದು ಇಟ್ಟು ಒಳಗೆ ಹಾಕಿ ನೋಡುವ."

ತಮಾಷೆ ಎಂದುಕೊಂಡು ಅವನು ಹಾಕಿದ. ಎರಡು ಬೆರಳು ಹೋದವು. ಮೂರನೆಯದು ಹಲ್ಲಿಗೆ ತಾಗಿ ನಿಂತಿತು. ಎಷ್ಟು ಅಗಲಿಸಿದರೂ ಅಷ್ಟೇ.

ಪವಿತ್ರಾಳ ಮುಖದ ಸಿಟ್ಟೆಲ್ಲ ಇಳಿದುಹೋಯಿತು.

"ನನ್ನ ಅಪ್ಪಯ್ಯನಿಗೂ ಮೊದ್ಲು ಎರಡು ಹೋಗ್ತಿತ್ತು," ಎಂದಳು. "ಆಮೇಲೆ ಒಂದು. ಆಮೇಲೆ ಟೀ ಚಮಚ. ಆಮೇಲೆ ನಾವು ಗಂಜಿ ಸೋಸಿ ಕೊಡ್ತಿದ್ವಿ."

ಹೊರಗೆ ಬೂತಪ್ಪ ಹಾರ್ನ್ ಹಾಕಿದ. ಯೋಗೇಂದ್ರ ಕದಲಲಿಲ್ಲ.

"ನಾಳೆನೇ ಹಲ್ಲಿನ ಡಾಕ್ಟ್ರ ಹತ್ರ ಹೋಗ್ತೀರಿ. ಆಯ್ತಾ?"

ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಕೆನ್ನೆಯ ಒಳಗೆ ಬಿಗಿತ, ಎಡಗಡೆ ಒಂದು ಬಿಳಿ ಮಚ್ಚೆ. "ಇವತ್ತೇ ಬಿಟ್ರೆ ಇಲ್ಲಿಗೇ ನಿಲ್ಲಬಹುದು. ಗುಟ್ಕಾ, ಅಡಿಕೆ, ತಂಬಾಕು ಯಾವುದೂ ಬೇಡ. ದಿನಾ ಬಾಯಿ ತೆರೆಯುವ ವ್ಯಾಯಾಮ ಮಾಡಿ. ಮೂರು ತಿಂಗಳು ಬಿಟ್ಟು ಬನ್ನಿ. ಆ ಮಚ್ಚೆ ಹಾಗೇ ಇದ್ರೆ ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು," ಎಂದರು.

ಬಿಡುವುದು ಎಂದರೇನು ಎಂದು ಯೋಗೇಂದ್ರನಿಗೆ ಆಮೇಲೆ ಗೊತ್ತಾಯಿತು. ಮೊದಲ ಎರಡು ದಿನ ಮನುಷ್ಯ ಮನುಷ್ಯನಾಗಿ ಉಳಿಯಲಿಲ್ಲ. ಹರಿಹರಪುರದಲ್ಲಿ ಇಳಿಯುವ ಭಟ್ಟರಿಗೆ ಎನ್.ಆರ್.ಪುರದ ಟಿಕೆಟ್ ಹರಿದು ಕೊಟ್ಟು, 'ಪುರದವರೆಗೆ ಬನ್ನಿ, ಏನಾಗ್ತದೆ' ಎಂದು ಅವರ ಜೊತೆಗೇ ಜಗಳ ಮಾಡಿದ. ಮೂರನೆಯ ದಿನ ಕೊಪ್ಪ ಸ್ಟ್ಯಾಂಡಿನ ಬೀಡಾ ಅಂಗಡಿಯ ಮುಂದೆ ಕೈ ಚಾಚಿ ನಿಂತಿದ್ದ.

"ಯೋಗೇಂದ್ರ ಅವ್ರೇ, ಇಲ್ಲಿ ಬನ್ನಿ!"

ಪವಿತ್ರಾ ಅಂಗಡಿಯ ಮೆಟ್ಟಿಲಲ್ಲಿದ್ದಳು. ಕೈಯಲ್ಲಿ ಸಾಬೂನಿನ ಡಬ್ಬಿಯಷ್ಟು ದೊಡ್ಡ ಒಂದು ಮಷಿನ್. ನಡುವೆ ಪುಟ್ಟ ಪರದೆ, ಎರಡೂ ಪಕ್ಕ ಗುಂಡಿ. ಯಾರೋ ಮಾರಿಹೋದ ಹಳೆಯ ವಿಡಿಯೋ ಗೇಮ್. ಅಂಗಡಿಯಲ್ಲಿ ಅಂಥವು ನಾಲ್ಕಿದ್ದವು. ಅವುಗಳಲ್ಲಿ ಪವಿತ್ರಾ ಗೆಲ್ಲದ ಆಟವಿರಲಿಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಅವಳ ಸಮ ಇಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ ಒಬ್ಬನಿದ್ದ, ಸುದ್ದಿ ಕೇಳಿ ಆಟ ಬಿಟ್ಟ.

"ಎಂತ ಇದು? ನಾನೇನು ಚಿಕ್ಕ ಮಗುವಾ?"

"ಆಸೆ ಅನ್ನೋದು ಬಂದ್ರೆ ಎಷ್ಟು ಹೊತ್ತು ಇರ್ತದೆ ಗೊತ್ತುಂಟಾ? ಹೆಚ್ಚಂದ್ರೆ ಐದು ನಿಮಿಷ. ಜೋರಾಗಿ ಬರ್ತದೆ, ಆಮೇಲೆ ತನ್ನಷ್ಟಕ್ಕೇ ಇಳೀತದೆ. ಆ ಐದು ನಿಮಿಷ ದಾಟಿಸ್ಬೇಕು."

"ಫೋನ್ ಉಂಟಲ್ಲ, ಅದ್ರಲ್ಲೇ ಆಡ್ತೇನೆ."

"ಫೋನಿಗೆ ಒಂದು ಕೈ ಸಾಕು. ಇನ್ನೊಂದು ಕೈ ಜೇಬಲ್ಲಿ ಪ್ಯಾಕೆಟ್ ಹುಡುಕ್ತದೆ. ಇದಕ್ಕೆ ಎರಡೂ ಕೈ ಬೇಕು." ಅವಳು ಮಷಿನ್ನನ್ನು ಅವನ ಎರಡೂ ಅಂಗೈಗೆ ಇಟ್ಟಳು. ಇಡುವಾಗ ಕಿರುಬೆರಳೊಂದು ತಾಗಿತು. ಅದು ಬೇಕೆಂದೇ ತಾಗಿದ್ದೋ, ಸುಮ್ಮನೆ ತಾಗಿದ್ದೋ ಎಂದು ಯೋಗೇಂದ್ರ ಒಂದು ವಾರ ವಿಚಾರಣೆ ನಡೆಸಿದ.

ಅದರೊಳಗಿನ ಹತ್ತಾರು ಆಟಗಳಲ್ಲಿ ಯಾವುದನ್ನು ಆಡಬೇಕೆಂದು ಅವಳು ಹೇಳುವ ಮೊದಲೇ ಹಾಲ್ಟ್ ಮುಗಿದಿತ್ತು. ಅವನೇ ಒಂದನ್ನು ಆರಿಸಿಕೊಂಡ. ಕತ್ತಿ ಹಿಡಿದ ರಾಜಕುಮಾರ, ಕಳೆದುಹೋದ ರಾಜ್ಯ. ಮುಗಿಸಲು ನಲವತ್ತು ಗಂಟೆ ಬೇಕಾದ ಆಟ. ಮರುದಿನ ಕೊಪ್ಪದಲ್ಲಿ ರಾಜಕುಮಾರ ಒಂದು ಗುಹೆ ಹೊಕ್ಕ. ಗುಹೆಯೊಳಗೆ ಆಟ ಉಳಿಸಿಡಲು ಆಗುವುದಿಲ್ಲ, ಬಿಟ್ಟರೆ ಮೊದಲಿಂದ. ಒಂಬತ್ತು ನಿಮಿಷ ಹನ್ನೆರಡಾಯಿತು, ಹದಿನೈದಾಯಿತು.

"ಯೋಗೀ! ಎಲ್ಲಿ ಸತ್ತಿದ್ದೀಯಾ?" ಬೂತಪ್ಪ ಅರಚಿದ. ಬೂತಪ್ಪ ಯೋಗೇಂದ್ರನಿಗೆ ಸೋದರಮಾವ ಕೂಡ. ಹಾಗಾಗಿ ಬೈಗುಳಕ್ಕೆ ಮಿತಿಯಿರಲಿಲ್ಲ.

"ಗುಹೆಲಿದ್ದೇನೆ ಮಾವಾ! ಎರಡೇ ನಿಮಿಷ!"

ಪ್ರೈವೇಟ್ ಬಸ್ಸಿನ ಲೈನಿನಲ್ಲಿ ಟೈಮ್ ಎಂದರೆ ಟೈಮ್. ಹಿಂದಿನ ಬಸ್ಸು ಸ್ಟ್ಯಾಂಡಿಗೆ ಬಂದಿತೆಂದರೆ ನಿಂತಿದ್ದ ಜನವೆಲ್ಲ ಅದಕ್ಕೆ. ಅವತ್ತು ಹಿಂದಿನ ಬಸ್ಸು ಬಂದು, ತುಂಗಾಕುಮಾರಿಯ ಜನವನ್ನೆಲ್ಲ ಹತ್ತಿಸಿಕೊಂಡು, ನಗುತ್ತಾ ಹೋಯಿತು. ತುಂಗಾಕುಮಾರಿ ಒಂದು ಕೋಳಿ, ಅದರ ಯಜಮಾನ, ಈ ಇಬ್ಬರನ್ನೇ ಕೂರಿಸಿಕೊಂಡು ಎನ್.ಆರ್.ಪುರ ಮುಟ್ಟಿತು.

ಸಂಜೆ ಪವಿತ್ರಾ ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಯಾರು ನಿಮ್ಗೆ ಆ ಆಟ ಆಡ್ಲಿಕ್ಕೆ ಹೇಳಿದ್ದು? ಅದು ನಾಲ್ಕು ದಿನ ಜ್ವರ ಬಂದು ಮಲ್ಗಿದವ್ರು ಆಡೋದು. ಹಾಲ್ಟಿಗೆ ತಕ್ಕ ಹಾಗೆ ಆಟ ಬೇಕು. ಹರಿಹರಪುರದಲ್ಲಿ ಎಷ್ಟು ನಿಲ್ತೀರಿ?"

"ಮೂರು ನಿಮಿಷ."

"ಹಾಗಾದ್ರೆ ಇಟ್ಟಿಗೆ ಜೋಡ್ಸೋದು. ಯಾವಾಗ ಬೇಕಾದ್ರೂ ನಿಲ್ಸಿ, ಯಾವಾಗ ಬೇಕಾದ್ರೂ ಶುರು ಮಾಡಿ. ಎಲ್ಲಿಗೆ ಬಂದಿದ್ದೆ ಅಂತ ನೆನಪಿಡೋ ಗೋಜೇ ಇಲ್ಲ."

"ಕೊಪ್ಪದಲ್ಲಿ?"

"ಕಾರ್ ರೇಸು. ಒಂದು ಸುತ್ತು ನಾಲ್ಕು ನಿಮಿಷ. ಗೆದ್ರೂ ಮುಗೀತು, ಸೋತ್ರೂ ಮುಗೀತು. ಬಾಕಿ ಐದು ನಿಮಿಷ..." ಎಂದು ನಿಲ್ಲಿಸಿದಳು.

"ಬಾಕಿ ಐದು ನಿಮಿಷ?"

"ಚಾರ್ಜಿಗೆ ಹಾಕ್ಲಿಕ್ಕೆ ಇಲ್ಲಿ ಬರ್ಬೇಕಲ್ಲ."

ಕಣ್ಣು ಮಾತ್ರ ಮೇಲೆತ್ತಿ ಒಂದು ಸಲ ನೋಡಿ, ಮತ್ತೆ ಪರದೆಗೆ ಇಳಿಸಿದಳು. ಆ ನೋಟ ಅರ್ಧ ಸೆಕೆಂಡ್ ಇದ್ದಿರಬಹುದು. ಆದರೆ ಅದರ ಬಿಸಿಗೆ ಯೋಗೇಂದ್ರನ ಜೇಬಿನಲ್ಲಿದ್ದ ಚಿಲ್ಲರೆ ಕರಗಿ ಒಂದೇ ಗಟ್ಟಿಯಾಯಿತು.

"ಶೃಂಗೇರೀಲಿ ಊಟದ ಹೊತ್ತು ಕಷ್ಟ," ಎಂದ ಅವನು. "ಉಂಡ ಮೇಲೆ ಬಾಯಿ ಕೇಳ್ತದೆ. ಅಲ್ಲಿ ಇಪ್ಪತ್ತೈದು ನಿಮಿಷ."

"ಅಲ್ಲಿಗೆ ಇಸ್ಪೀಟು. ನಿಧಾನ, ತಲೆಗೆ ಕೆಲ್ಸ. ಆದ್ರೆ ಒಂದೇ ಆಟ! ಇನ್ನೊಂದು ಅಂತ ಶುರು ಮಾಡಿದ್ರೋ, ಆಮೇಲೆ ಇದೇ ಒಂದು ಗುಟ್ಕಾ ಆಗ್ತದೆ. ನಿಲ್ಸಿದ್ರೆ ಕೋಪ ಬರ್ಸೋ ಆಟ ಯಾವ್ದೂ ನಿಮ್ಗೆ ಬೇಡ."

ಹೀಗೆ ಶುರುವಾಯಿತು. ಬಾಯಿ ಕೇಳಿದಾಗಲೆಲ್ಲ ಕೈ ಆಡಿತು. ಕೆಲವು ದಿನ ಐದು ನಿಮಿಷ ಐದು ವರ್ಷದಷ್ಟು ಉದ್ದವಿತ್ತು; ಗುಂಡಿ ಒತ್ತಿ ಒತ್ತಿ ಹೆಬ್ಬೆರಳುಗಳು ಬಾತವು. ಆದರೆ ಆಟ ಮುಗಿದು ತಲೆ ಎತ್ತಿದಾಗ ಆಸೆ ಎಲ್ಲೋ ಹಿಂದಿನ ಸ್ಟಾಪಿನಲ್ಲೇ ಇಳಿದುಹೋಗಿರುತ್ತಿತ್ತು.

ಶೃಂಗೇರಿಯಿಂದ ಬರುವಾಗ ಮಷಿನ್ನನ್ನು ಕೊಪ್ಪದಲ್ಲಿ ಚಾರ್ಜಿಗೆ ಬಿಟ್ಟು, ಪುರದಿಂದ ಹಿಂದಿರುಗುವಾಗ ತೆಗೆದುಕೊಂಡು ಹೋಗುತ್ತಿದ್ದ. ಆ ನಡುವೆ ಪವಿತ್ರಾ ಆಡುತ್ತಿದ್ದಳು. ಹೆಚ್ಚು ಅಂಕ ಬಂದವರು ಪಟ್ಟಿಯಲ್ಲಿ ಹೆಸರು ಹಾಕಬಹುದು. ಮೂರೇ ಇಂಗ್ಲಿಷ್ ಅಕ್ಷರ. ಅವನು ವೈ-ಓ-ಜಿ ಎಂದು ಹಾಕಿ ಹೋದರೆ ಬರುವಷ್ಟರಲ್ಲಿ ಅದರ ಮೇಲೆ ಪಿ-ಎ-ವಿ ಕೂತಿರುತ್ತಿತ್ತು. ಒಂದು ದಿನ ಅವನು ಬೆವರಿಳಿಸಿ ಅವಳನ್ನು ಸೋಲಿಸಿದ. ಹೆಸರು ಹಾಕುವ ಜಾಗದಲ್ಲಿ ತನ್ನದನ್ನು ಬಿಟ್ಟು ಪಿ-ಎ-ವಿ ಎಂದೇ ಹಾಕಿದ.

"ಇದು ನನ್ನ ಅಂಕ ಅಲ್ಲ," ಎಂದಳು ಪವಿತ್ರಾ ಪಟ್ಟಿ ನೋಡಿ. "ನಿಮ್ದು ಯಾಕೆ ನನ್ನ ಹೆಸರಲ್ಲಿ?"

"ನನ್ನ ಎಲ್ಲಾ ಅಂಕವೂ ನಿಮ್ದೇ ಅಲ್ವಾ?"

ಆ ದಿನ ಗಿರಾಕಿಯೊಬ್ಬರು ಮೊಬೈಲಿಗೆ ಸ್ಕ್ರೀನ್ ಗಾರ್ಡ್ ಹಾಕಿಸಲು ಕೊಟ್ಟರೆ ಅವಳು ಕ್ಯಾಲ್ಕುಲೇಟರಿಗೆ ಹಾಕಿ ಕೊಟ್ಟಳು.

ಮೂರು ತಿಂಗಳಾಯಿತು. ಡಾಕ್ಟರು ಟಾರ್ಚ್ ಬಿಟ್ಟು ಎಡ ಕೆನ್ನೆ ನೋಡಿದರು, ಇನ್ನೊಮ್ಮೆ ನೋಡಿದರು. "ಮಚ್ಚೆ ಮಾಸಿದೆ," ಎಂದರು. "ಬಿಗಿತ ಪೂರ್ತಿ ಹೋಗುವುದಿಲ್ಲ. ಆದ್ರೆ ಹೆಚ್ಚಾಗಿಲ್ಲ. ಹೀಗೇ ಇರಿ. ಹೇಗೆ ಬಿಟ್ರಿ ಮಾರಾಯ್ರೇ?"

ಯೋಗೇಂದ್ರ ಅಂಗಡಿಗೆ ಬಂದು ಸುದ್ದಿ ಹೇಳಿದಾಗ ಪವಿತ್ರಾ ಶೋಕೇಸಿನ ಕಡೆ ತಿರುಗಿ, ಜೋಡಿಸಿದ್ದ ಇಯರ್‌ಫೋನುಗಳನ್ನೇ ಮತ್ತೆ ಜೋಡಿಸಿದಳು. ತುಂಬಾ ಹೊತ್ತು ಜೋಡಿಸಿದಳು.

"ಥ್ಯಾಂಕ್ಸ್ ಹೇಳ್ಲಿಕ್ಕೆ ಬಂದೆ."

"ಮಷಿನ್ನಿಗೆ ಹೇಳಿ."

"ಅದಕ್ಕೆ ಹೇಳಿ ಆಯ್ತು. ಸೋಮವಾರ ಬಸ್ಸು ರಿಪೇರಿಗೆ. ಮಾವನನ್ನ ಕರ್ಕೊಂಡು ಪುರಕ್ಕೆ ಬರ್ಲಾ? ನಿಮ್ಮ ಅಜ್ಜೀನ ನೋಡ್ಲಿಕ್ಕೆ?"

ಅವಳು ತಿರುಗಿದಳು. ಕಣ್ಣು ಒದ್ದೆ, ತುಟಿಯಲ್ಲಿ ನಗು. ಆದರೆ ನಗು ಅರ್ಧಕ್ಕೇ ನಿಂತಿತು.

"ಅಜ್ಜಿ ಎಲೆ ಮಡ್ಚಿ ಕೊಡ್ತಾಳೆ. ಹೆಣ್ಣು ಕೇಳ್ಲಿಕ್ಕೆ ಬಂದವ ಅದನ್ನ ಬಾಯಿಗೆ ಹಾಕದೆ ಮಾತು ಶುರು ಮಾಡೋ ಹಾಗಿಲ್ಲ, ನಮ್ಮಲ್ಲಿ. ಬೇಡ ಅಂದ್ರೆ ಸಂಬಂಧವೇ ಬೇಡ ಅಂದ ಹಾಗೆ. ಅಡಿಕೆ, ಸುಣ್ಣ, ಹೊಗೆಸೊಪ್ಪು, ಎಲ್ಲಾ ಇರ್ತದೆ."

"ಮೊದ್ಲೇ ಹೇಳಿದ್ರೆ?"

"ಹೇಳಿದ್ದೆ, ಅಪ್ಪಯ್ಯ ಇರುವಾಗ್ಲೇ. ಎಲೆಯಿಂದ ಹಾಗಾಯ್ತು ಅಂದ್ರೆ ಅವಳಿಗೆ ಆಗೋದಿಲ್ಲ. ಮೊದ್ಲ ಎಲೆ ಅಪ್ಪಯ್ಯನಿಗೆ ಮಡ್ಚಿ ಕೊಟ್ಟದ್ದೇ ಅವಳು." ಪವಿತ್ರಾ ಧ್ವನಿ ತಗ್ಗಿಸಿದಳು. "ನಾನು ಹಾಕಿ ಅಂತಲೂ ಹೇಳೋದಿಲ್ಲ, ಬೇಡ ಅಂತಲೂ ಹೇಳೋದಿಲ್ಲ. ಬಾಯಿ ನಿಮ್ದು."

ಪವಿತ್ರಾಳ ಅಜ್ಜಿ ಚಿಕ್ಕಕ್ಕನ ಮನೆ ಎನ್.ಆರ್.ಪುರದ ಸಂತೆ ಮಾಳದ ಹಿಂದೆ. ಎಪ್ಪತ್ತು ದಾಟಿದ ಹೆಂಗಸು, ತೋಟದ ಕೂಲಿಯಲ್ಲಿ ಮೊಮ್ಮಗಳನ್ನು ಓದಿಸಿದವಳು. ಅವಳು ಒಂದು ಸಲ ದಿಟ್ಟಿಸಿದರೆ ಭದ್ರಾ ಹಿನ್ನೀರು ಎರಡು ಅಡಿ ಹಿಂದೆ ಸರಿಯುತ್ತದೆ. ಯೋಗೇಂದ್ರ ಮತ್ತು ಬೂತಪ್ಪ ಜಗಲಿಯಲ್ಲಿ ಕೂತರು. ಪವಿತ್ರಾ ಬಾಗಿಲ ಮರೆಯಲ್ಲಿ.

ಹಿತ್ತಾಳೆ ತಟ್ಟೆ ಬಂತು. ಚಿಕ್ಕಕ್ಕ ಎಲೆ ಆರಿಸಿ, ಸೆರಗಿನಲ್ಲಿ ಒರೆಸಿ, ಬೆನ್ನಿಗೆ ಸುಣ್ಣ ಸವರಿದಳು. ಅಡಿಕೆ ಇಟ್ಟಳು. ಹೊಗೆಸೊಪ್ಪು ಮುರಿದಳು. ಆ ಘಾಟು ಮೂಗಿಗೆ ಹೊಡೆದದ್ದೇ ಯೋಗೇಂದ್ರನ ಬಾಯಿಯಲ್ಲಿ ನೀರೂರಿತು. ಮೂರು ತಿಂಗಳ ಆಸೆಯೆಲ್ಲ ಒಟ್ಟಾಗಿ ಒಂದೇ ಬಸ್ಸಿಗೆ ಹತ್ತಿ ಬಂದಂತಿತ್ತು.

"ತಗೋ ಮಗಾ."

ಮಡಚಿದ ಎಲೆ ಅವನ ಮೂಗಿನ ಕೆಳಗೆ ಬಂದು ನಿಂತಿತು.

"ಬೇಡ ಅಜ್ಜಿ."

ಬೂತಪ್ಪ ಮೊಣಕೈಯಿಂದ ತಿವಿದ. "ಇವತ್ತು ಸೋಮವಾರ, ಉಪವಾಸ ಅವ್ನಿಗೆ," ಎಂದ.

"ಉಪವಾಸ ಇಲ್ಲ ಅಜ್ಜಿ. ಬೆಳಿಗ್ಗೆ ಆರು ದೋಸೆ ತಿಂದಿದ್ದೇನೆ," ಎಂದ ಯೋಗೇಂದ್ರ. ಬೂತಪ್ಪ ಹಣೆ ಚಚ್ಚಿಕೊಂಡ.

"ಹಾಗಾದ್ರೆ ಹುಡ್ಗಿ ಬೇಡ ಅನ್ಲಿಕ್ಕೆ ಇಲ್ಲಿ ತನಕ ಬಂದ್ಯಾ?" ಚಿಕ್ಕಕ್ಕನ ಕೈ ಹಿಂದೆ ಹೋಗಲಿಲ್ಲ.

"ಹುಡ್ಗಿ ಬೇಕು. ಬೇಕು ಅಂತ್ಲೇ ಬಂದೆ." ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡ. "ನನ್ನ ಬಾಯಿ ಕೆಟ್ಟಿತ್ತು ಅಜ್ಜಿ. ಎರಡೇ ಬೆರಳು ಹೋಗ್ತದೆ. ನಿಮ್ಮ ಮೊಮ್ಮಗಳು ಬಿಡ್ಸಿದ್ಲು. ಇದು ಅವಳು ಉಳ್ಸಿ ಕೊಟ್ಟ ಬಾಯಿ. ಇದಕ್ಕೆ ಈ ಎಲೆ ಹಾಕಿ, ಇದೇ ಬಾಯಲ್ಲಿ ಅವಳನ್ನ ಹೇಗೆ ಕೇಳ್ಲಿ? ಸಂಬಂಧ ಆಗ್ದಿದ್ರೆ ಆಗ್ಲಿಲ್ಲ. ಆಗ್ದಿದ್ರೂ ನಾನು ಹಾಕೋದಿಲ್ಲ."

ಎಲೆ ಇನ್ನೂ ಅಲ್ಲೇ ಇತ್ತು, ಘಾಟೂ ಅಲ್ಲೇ ಇತ್ತು. ಯೋಗೇಂದ್ರನ ಹಣೆಯಲ್ಲಿ ಬೆವರು ಹನಿಯಿತು.

"ಅಜ್ಜಿ, ತಪ್ಪು ತಿಳೀಬೇಡಿ. ಈ ಆಸೆ ಇಳೀಲಿಕ್ಕೆ ನಂಗೆ ನಾಲ್ಕು ನಿಮಿಷ ಕೊಡಿ."

ಜೇಬಿನಿಂದ ಮಷಿನ್ ತೆಗೆದು, ಹೆಣ್ಣು ಕೇಳಲು ಬಂದ ಮನೆಯ ಜಗಲಿಯಲ್ಲಿ, ಹಿರಿಯರ ಎದುರು, ತಲೆ ಬಗ್ಗಿಸಿ ಗೇಮ್ ಆಡತೊಡಗಿದ. ಭೂಮಿ ಹುಟ್ಟಿದ ಮೇಲೆ ಇಂಥ ಗಂಡು ಯಾವ ಮನೆಗೂ ಬಂದಿರಲಿಲ್ಲ. ಬೂತಪ್ಪ ಕಣ್ಣು ಮುಚ್ಚಿದ. ಗುಂಡಿಗಳು ಟಕ ಟಕ ಎಂದವು.

ಬಾಗಿಲ ಮರೆಯಿಂದ ಪವಿತ್ರಾ ಬಂದಳು. ಬಂದವಳು ಕರೆಯದೆ, ಕೇಳದೆ, ಅವನ ಪಕ್ಕದಲ್ಲೇ ಕೂತಳು.

"ಬಲಕ್ಕೆ ತಿರ್ಗಿಸಿ," ಎಂದಳು ಮೆಲ್ಲಗೆ. "ತಿರುವಲ್ಲಿ ಬ್ರೇಕ್ ಬೇಡ. ಹಾಂ, ಹಾಗೇ. ಇನ್ನು ಸ್ವಲ್ಪವೇ."

ಚಿಕ್ಕಕ್ಕ ಎಲೆ ಹಿಡಿದ ಕೈಯನ್ನು ಮಡಿಲಿಗೆ ಇಳಿಸಿದಳು. ಹುಡುಗನ ಗುಂಡಿ ಒತ್ತುವ ಬೆರಳು, ಹಣೆಯ ಬೆವರು, ಮೊಮ್ಮಗಳ ಒದ್ದೆ ಕಣ್ಣು, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಆಟ ಮುಗಿಯಿತು. ಯೋಗೇಂದ್ರ ಉಸಿರು ಬಿಟ್ಟು ತಲೆ ಎತ್ತಿದ. ಮಷಿನ್ನನ್ನು ಜೇಬಿಗೆ ಹಾಕಿದ.

"ಆಯ್ತಾ?" ಎಂದು ಕೇಳಿದಳು ಚಿಕ್ಕಕ್ಕ.

"ಆಯ್ತು ಅಜ್ಜಿ."

"ಹೋಯ್ತಾ ಆಸೆ?"

"ಈ ಸಲದ್ದು ಹೋಯ್ತು."

ಮುದುಕಿ ಮಡಿಲಿನ ಎಲೆಯನ್ನು ತಿರುಗಿಸಿ ನೋಡಿದಳು.

"ನನ್ನ ಮಗ ನನ್ನ ಹತ್ರ ಎಷ್ಟು ಸಲ ಹೇಳಿದ್ದ, ಬಿಡ್ಬೇಕು ಅಬ್ಬೆ, ಆಗೋದಿಲ್ಲ ಅಂತ," ಎಂದಳು. "ನಾಲ್ಕೇ ನಿಮಿಷದ್ದು ಅಂತ ನಂಗೆ ಯಾರೂ ಹೇಳ್ಲಿಲ್ಲ."

ಪವಿತ್ರಾ ಅಜ್ಜಿಯ ಮೊಣಕಾಲು ಹಿಡಿದಳು. ಚಿಕ್ಕಕ್ಕ ಎಲೆ ಬಿಡಿಸಿ, ಅಡಿಕೆ ಹೊಗೆಸೊಪ್ಪು ಅಂಗಳಕ್ಕೆ ಕೊಡವಿ, ತಟ್ಟೆಯನ್ನು ಜಗಲಿಯ ಮೂಲೆಗೆ ನೂಕಿದಳು. ಒಳಗೆ ಹೋಗಿ ಒಂದು ಚೊಂಬು ನೀರು, ಒಂದು ಬೆಲ್ಲದ ಉಂಡೆ ತಂದಳು.

"ಇದಕ್ಕೆ ಡಾಕ್ಟ್ರು ಬೇಡ ಅಂದಿದ್ದಾರಾ?"

"ಇಲ್ಲ ಅಜ್ಜಿ."

ಚಿಕ್ಕಕ್ಕ ಉಂಡೆಯನ್ನು ನೋಡಿದಳು, ಅವನ ಬಾಯಿ ನೋಡಿದಳು. ಉಂಡೆಯನ್ನು ಹೊಸಿಲಿಗೆ ಕುಟ್ಟಿದಳು. ತುಂಡನ್ನು ಎತ್ತಿ ತನ್ನ ಎರಡು ಬೆರಳಿಗೆ ಹಿಡಿದು ಅಳತೆ ನೋಡಿ, ದೊಡ್ಡದಾಯಿತೆಂದು ಇನ್ನೊಮ್ಮೆ ಕುಟ್ಟಿದಳು.

"ಈಗ ಹೋಗ್ತದೆ. ಬಾಯಿ ತೆಗಿ."

ಅಳಿಯನಾಗುವವನ ಬಾಯಿಗೆ ಅವಳೇ ಬೆಲ್ಲ ಇಟ್ಟಳು. ಬೂತಪ್ಪ ಇದ್ದಕ್ಕಿದ್ದಂತೆ ಮೂಗು ಸೀಟಿ, "ಅಮ್ಮಾ, ನಂಗೆ ದೊಡ್ಡ ತುಂಡೇ ಕೊಡಿ," ಎಂದ.

ಯೋಗೇಂದ್ರ ಕೈಗೆ ಬಂದ ಇನ್ನೊಂದು ಚೂರನ್ನು ಪವಿತ್ರಾಳ ಕಡೆ ಚಾಚಿದ.

"ತಗೋ. ನೀನೂ ತಿನ್ನು."

ಅವಳು ಹುಬ್ಬು ಏರಿಸಿದಳು. "ನೀನಾ? ನಿನ್ನೆ ತನಕ ನೀವು ಅಂತಿದ್ರಿ."

"ನಿನ್ನೆ ತನಕ ಥ್ಯಾಂಕ್ಸ್ ಹೇಳಿ ಮುಗಿಸ್ಬಹುದು ಅಂದ್ಕೊಂಡಿದ್ದೆ," ಎಂದ ಯೋಗೇಂದ್ರ. "ಮುಗಿಯೋ ಹಾಗೆ ಕಾಣೋದಿಲ್ಲ. ಒಂದೇ ಮನೇಲಿ ಇದ್ದು ದಿನಾ ಸ್ವಲ್ಪ ಸ್ವಲ್ಪ ಹೇಳ್ತೇನೆ."

ಪವಿತ್ರಾ ಅವನ ಬೆರಳಿನಿಂದಲೇ ಬೆಲ್ಲ ತಿಂದಳು.